ಹಣದುಬ್ಬರ ಇಳಿದರೂ ರೇಟು ಯಾಕೆ ಇಳಿಯಲ್ಲ?

ಹಣದುಬ್ಬರ ಇಳಿದಿದೆ ಅಂತ ಟಿವಿಯಲ್ಲಿ ಬಂದರೆ ನಮ್ಮ ವಿಜಯಪುರದ ಕಿರಾಣಿ ಅಂಗಡಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, "ಹಂಗಾದ್ರ ಎಣ್ಣಿ ರೇಟ್ ಯಾಕ ಇಳಿದಿಲ್ರೀ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಹೇಳುವವರು ಕಡಿಮೆ ಅನ್ನೋದೇ ನನಗೆ ಬೇಸರ.

ಇಳಿದಿರುವುದು ಬೆಲೆ ಏರುವ ವೇಗ. ಇದಕ್ಕೆ ಡಿಸ್‌ಇನ್‌ಫ್ಲೇಶನ್ ಅಂತಾರೆ. 100 ರೂಪಾಯಿ ಸಾಮಾನು ಒಂದು ವರ್ಷ ಶೇ 8 ಏರಿ 108 ಆಯಿತು, ಮರುವರ್ಷ ಶೇ 2 ಮಾತ್ರ ಏರಿತು ಅಂದುಕೊಳ್ಳಿ. ಈಗ ಅದು ಸುಮಾರು 110. ಹಣದುಬ್ಬರ ಇಳಿಯಿತು, ಆದರೆ ಜೇಬಿಂದ ಹೋಗುವ ದುಡ್ಡು ಜಾಸ್ತಿಯೇ ಆಯಿತು ಅಲ್ವಾ? ಬೆಲೆಗಳು ಒಟ್ಟಾರೆ ನಿಜವಾಗಿಯೂ ಕುಸಿದರೆ ಅದು ಡಿಫ್ಲೇಶನ್, ಬೇರೆಯೇ ಕಾಯಿಲೆ, ಜಪಾನ್ ವರ್ಷಗಟ್ಟಲೆ ಅದರಲ್ಲಿ ನರಳಿದೆ.

ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79 ಇತ್ತು. 2025ರ ಜೂನ್‌ನಲ್ಲಿ ಶೇ 2.1ಕ್ಕೆ ಬಂತು. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಅದಕ್ಕಿಂತಲೂ ಕೆಳಗೆ. ಆದರೆ ಇದರ ಹಿಂದೆ ತರಕಾರಿ, ಬೇಳೆ ಬೆಲೆ ಹಿಂದಿನ ವರ್ಷಕ್ಕಿಂತ ಬಿದ್ದಿದ್ದೇ ದೊಡ್ಡ ಕಾರಣ, ಅಂದರೆ ಪೇಟೆಯವರಿಗೆ ಖುಷಿ ಕೊಟ್ಟ ಅದೇ ಅಂಕಿ ಇಲ್ಲಿ ತೊಗರಿ ಬೆಳೆದವನ ಆದಾಯವನ್ನು ತಿಂದಿರುತ್ತದೆ, ಅದನ್ನು ಯಾರೂ ಸುದ್ದಿಯ ಜೊತೆ ಹೇಳುವುದಿಲ್ಲ. ಹೇಳಬೇಕು. ಏರಿದ ಬೆಲೆಗೆ ತಕ್ಕಂತೆ ಕೂಲಿ ಏರಿದೆಯಾ ಅಂತಲೂ ಕೇಳಬೇಕು.