ಡಲ್ಲಾಸ್‌ನಿಂದ ಮಿನಿಯಾಪೊಲಿಸ್‌ಗೆ ಮನೆ ಬದಲಿಸುವವರಿಗೆ

ನಾವು ಮಿನಿಯಾಪೊಲಿಸ್ ಇರುವ ಮಿನ್ನೆಸೋಟಾ ರಾಜ್ಯಕ್ಕೆ ಹೊರಟಾಗ ಡಲ್ಲಾಸ್‌ನ ಗೆಳೆಯರೆಲ್ಲ ಕೇಳಿದ್ದು ಚಳಿಯ ಬಗ್ಗೆ. ಈಗ ನಾನು ಇಲ್ಲಿಯವನೇ ಆಗಿದ್ದೇನೆ. ಬರುವ ಕನ್ನಡದವರು ನನಗೂ ಅದನ್ನೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ? ಮೈಗೆ ಬೇಕಾದ ಥರ್ಮಲ್, ಜಾಕೆಟ್, ಬೂಟು ದುಡ್ಡು ಕೊಟ್ಟರೆ ಸಿಗುತ್ತವೆ. ಕಾರಿಗೆ ಜಾಗ ನೋಡದೆ ಮನೆ ಹಿಡಿದವರು ಮಾತ್ರ ನವೆಂಬರ್‌ನಿಂದ ಮಾರ್ಚ್‌ವರೆಗೆ ಗೋಳಾಡುತ್ತಾರೆ.

ಮೊದಲು ದಾರಿಯ ವಿಷಯ. ಡಲ್ಲಾಸ್‌ನಿಂದ ಇಂಟರ್‌ಸ್ಟೇಟ್ 35 ಹಿಡಿದರೆ ಮಿನಿಯಾಪೊಲಿಸ್ ತನಕ ಅದೇ ರಸ್ತೆ. ಓಕ್ಲಹೋಮಾ ಸಿಟಿ, ವಿಚಿಟಾ, ಕಾನ್ಸಾಸ್ ಸಿಟಿ, ಡೆ ಮೊಯಿನ್, ಹೀಗೆ ಹೆಚ್ಚುಕಡಿಮೆ ಸಾವಿರ ಮೈಲಿ. ಮಕ್ಕಳಿದ್ದರೆ ಒಂದೇ ದಿನಕ್ಕೆ ಹೊಡೆಯಲು ಹೋಗಬೇಡಿ. ನಾವು ಕಾನ್ಸಾಸ್ ಸಿಟಿಯಲ್ಲಿ ತಂಗಿದೆವು. ಅಲ್ಲಿಂದ ಮರುದಿನದ ದಾರಿ ಮೊದಲ ದಿನದಷ್ಟು ಉದ್ದವಿಲ್ಲ, ಹಾಗಾಗಿ ಬೆಳಕಿರುವಾಗಲೇ ಊರು ಸೇರಬಹುದು. ಓಕ್ಲಹೋಮಾ ಗಡಿಯಿಂದ ಎಂಪೋರಿಯಾವರೆಗೆ ಈ ರಸ್ತೆ ಕಾನ್ಸಾಸ್ ಟರ್ನ್‌ಪೈಕ್, ಅಂದರೆ ಟೋಲ್ ಕಟ್ಟಬೇಕು. ನಗದು ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಡಲ್ಲಾಸ್‌ನ ಟೋಲ್‌ಟ್ಯಾಗ್ ಅಲ್ಲಿಯೂ ನಡೆಯುತ್ತದೆ, ಕಾರಿನಿಂದ ಕೀಳಬೇಡಿ. ವಿಚಿಟಾ ದಾಟಿದ ಮೇಲೆ ಫ್ಲಿಂಟ್ ಹಿಲ್ಸ್ ಬರುತ್ತದೆ, ಎರಡೂ ಕಡೆ ಬರೀ ಹುಲ್ಲು. ನೋಡಲು ಚೆಂದ. ಆದರೆ ಬಾಡಿಗೆ ಟ್ರಕ್ ಓಡಿಸುವವರಿಗೆ ಅಲ್ಲಿನ ಅಡ್ಡಗಾಳಿ ಬೆವರಿಳಿಸುತ್ತದೆ. ನಡುವೆ ಮ್ಯಾಟ್‌ಫೀಲ್ಡ್ ಗ್ರೀನ್‌ನಲ್ಲಿ ಸರ್ವೀಸ್ ಏರಿಯಾ ಇದೆ, ಪೆಟ್ರೋಲು, ಕಾಫಿ ಅಲ್ಲೇ ಮುಗಿಸಿಕೊಳ್ಳಿ.

ಹೊರಡುವುದಾದರೆ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಮೊದಲ ವಾರದೊಳಗೆ ಹೊರಡಿ. ಚಳಿಗಾಲದಲ್ಲಿ ಉತ್ತರ ಅಯೋವಾ, ದಕ್ಷಿಣ ಮಿನ್ನೆಸೋಟಾ ಕಡೆ ಹಿಮಗಾಳಿ ಎದ್ದರೆ ಈ ಹೆದ್ದಾರಿಯನ್ನೇ ಮುಚ್ಚಿಬಿಡುತ್ತಾರೆ. ಸಾಮಾನು ತುಂಬಿದ ಟ್ರಕ್ ಇಟ್ಟುಕೊಂಡು ಆಲ್ಬರ್ಟ್ ಲೀ ಮೋಟೆಲ್‌ನಲ್ಲಿ ಎರಡು ದಿನ ಕೂರುವುದು ಬೇಡ, ಅಲ್ವಾ?

ಬರ್ನ್ಸ್‌ವಿಲ್ ಹತ್ತಿರ ರಸ್ತೆ 35ಡಬ್ಲ್ಯೂ, 35ಇ ಅಂತ ಎರಡಾಗುತ್ತದೆ. ಮೊದಲನೆಯದು ಮಿನಿಯಾಪೊಲಿಸ್‌ಗೆ, ಎರಡನೆಯದು ಸೇಂಟ್ ಪಾಲ್‌ಗೆ. ಡಲ್ಲಾಸ್-ಫೋರ್ಟ್ ವರ್ತ್‌ನಲ್ಲೂ ಇದೇ ರಸ್ತೆ ಹೀಗೇ ಕವಲೊಡೆಯುತ್ತದೆ, ಹಾಗಾಗಿ ನಿಮಗೆ ಅಭ್ಯಾಸ ಇದ್ದೇ ಇರುತ್ತದೆ. ಮಿನಿಯಾಪೊಲಿಸ್, ಸೇಂಟ್ ಪಾಲ್ ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ ಅವಳಿ ನಗರಗಳು, ಎರಡಕ್ಕೂ ತಮ್ಮ ತಮ್ಮ ಬಿಂಕ ಇದೆ. ರಾಜಧಾನಿ ಸೇಂಟ್ ಪಾಲ್. ಎತ್ತರದ ಕಟ್ಟಡಗಳು ಜಾಸ್ತಿ ಇರುವುದು ಮಿನಿಯಾಪೊಲಿಸ್‌ನಲ್ಲಿ.

ಈಗ ಮನೆ. ನಮ್ಮವರು ಹೆಚ್ಚಾಗಿ ನೋಡುವುದು ಪಶ್ಚಿಮದ ಈಡನ್ ಪ್ರೈರಿ, ಪ್ಲಿಮತ್, ಮೇಪಲ್ ಗ್ರೋವ್. ಪೂರ್ವದಲ್ಲಾದರೆ ವುಡ್‌ಬರಿ. ಮೇಪಲ್ ಗ್ರೋವ್‌ನಲ್ಲಿ ದೊಡ್ಡ ಹಿಂದೂ ದೇವಸ್ಥಾನವಿದೆ, ಹಬ್ಬದ ದಿನ ಅರ್ಧ ಊರೇ ಅಲ್ಲಿರುತ್ತದೆ. ಮೊದಲು ಆಫೀಸ್ ಯಾವ ಕಡೆ ಅಂತ ನೋಡಿ. 3ಎಂ ಕಂಪನಿ ಇರುವುದು ಪೂರ್ವದ ಮೇಪಲ್‌ವುಡ್‌ನಲ್ಲಿ, ಜನರಲ್ ಮಿಲ್ಸ್ ಪಶ್ಚಿಮದ ಗೋಲ್ಡನ್ ವ್ಯಾಲಿಯಲ್ಲಿ, ಟಾರ್ಗೆಟ್ ಮಿನಿಯಾಪೊಲಿಸ್ ಪೇಟೆಯಲ್ಲಿ. ಊರನ್ನು ಸುತ್ತುವ 494, 694 ಹೆದ್ದಾರಿಗಳಲ್ಲಿ ಹಿಮ ಬಿದ್ದ ದಿನ ಆ ತುದಿಯಿಂದ ಈ ತುದಿಗೆ ಬರುವುದು ಯಾರಿಗೂ ಬೇಡ. ಬೇಸಿಗೆಯಲ್ಲಿ ಹಿಮ ಇಲ್ಲ ನಿಜ, ಆದರೆ ಆಗ ರಸ್ತೆ ರಿಪೇರಿ ಶುರುವಾಗಿರುತ್ತದೆ.

ನಗರದ ಒಳಗೇ ಇರಬೇಕು ಅನ್ನುವವರು, ಅದರಲ್ಲೂ ಮದುವೆಯಾಗದ ಹುಡುಗರು, ಸ್ನೋ ಎಮರ್ಜೆನ್ಸಿ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ದೊಡ್ಡ ಹಿಮ ಬಿದ್ದಾಗ ರಸ್ತೆಯ ಹಿಮ ತೆಗೆಯಲು ನಗರಾಡಳಿತ ಇದನ್ನು ಘೋಷಿಸುತ್ತದೆ. ಮಿನಿಯಾಪೊಲಿಸ್‌ನಲ್ಲಿ ಇದು ಮೂರು ದಿನದ ಲೆಕ್ಕ. ಮೊದಲ ದಿನ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ಮಾರ್ಗ ಅಂತ ಗುರುತಿಸಿದ ರಸ್ತೆಗಳ ಎರಡೂ ಬದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಎರಡನೇ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ ಖಾಲಿ ಇರಬೇಕು. ಮೂರನೇ ದಿನ ಬೆಸಸಂಖ್ಯೆಯ ಬದಿ. ಸೇಂಟ್ ಪಾಲ್‌ನ ನಿಯಮವೇ ಬೇರೆ, ಅಲ್ಲಿ ಇದು ನಡೆಯುವುದಿಲ್ಲ. ತಪ್ಪಿದರೆ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ದಂಡದ ಮೇಲೆ ಟೋಯಿಂಗ್ ಖರ್ಚು ಬೇರೆ. ಮೆಸೇಜ್ ಬರುವ ಹಾಗೆ ನಗರದ ಪಟ್ಟಿಯಲ್ಲಿ ಫೋನ್ ನಂಬರ್ ಸೇರಿಸಿಡಿ.

ಅದಕ್ಕೇ ಹೇಳುವುದು, ಗ್ಯಾರೇಜ್ ಇರುವ ಮನೆಯನ್ನೇ ಹಿಡಿಯಿರಿ. ಅಪಾರ್ಟ್‌ಮೆಂಟ್ ಆದರೆ ನೆಲದಡಿಯ ಬಿಸಿ ಗ್ಯಾರೇಜ್ ಇದೆಯಾ ಕೇಳಿ. ತಿಂಗಳಿಗೆ ಒಂದಿಷ್ಟು ಜಾಸ್ತಿ ಕೊಡಬೇಕಾಗುತ್ತದೆ, ಕೊಡಿ. ಜನವರಿಯಲ್ಲಿ ಮೈನಸ್ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 29 ಸೆಲ್ಸಿಯಸ್ ಆದ ಬೆಳಿಗ್ಗೆ ಬಯಲಲ್ಲಿ ನಿಂತ ಹಳೇ ಬ್ಯಾಟರಿ ಉಸಿರೆತ್ತುವುದಿಲ್ಲ. ಟೆಕ್ಸಸ್‌ನಿಂದ ತಂದ ಕಾರಿಗೆ ಅಕ್ಟೋಬರ್‌ನಲ್ಲೇ ಬ್ಯಾಟರಿ ಪರೀಕ್ಷೆ ಮಾಡಿಸಿ. ಗಾಜು ತೊಳೆಯುವ ನೀರು ತೆಗೆಸಿ ಚಳಿಗೆ ಹೆಪ್ಪುಗಟ್ಟದ ದ್ರವ ಹಾಕಿಸಿ. ಆಲ್‌ವೀಲ್ ಡ್ರೈವ್ ಇದೆ ಅಂತ ಧೈರ್ಯ ಬೇಡ. ಅದು ಕಾರನ್ನು ಮುಂದೆ ತಳ್ಳುತ್ತದೆಯೇ ಹೊರತು ಮಂಜುಗಡ್ಡೆಯ ಮೇಲೆ ಬೇಗ ನಿಲ್ಲಿಸುವುದಿಲ್ಲ. ಬ್ರೇಕಿಗೆ ಸಹಾಯ ಮಾಡುವುದು ವಿಂಟರ್ ಟೈರ್.

ಸ್ವಂತ ಮನೆ ತೆಗೆದುಕೊಂಡರೆ ಎರಡು ಮಾತು. ಮಿನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿಯ ಹಿಮವನ್ನು ನೀವೇ ತೆಗೆದು ಸ್ವಚ್ಛ ಮಾಡಬೇಕು. ಇನ್ನೊಂದು, ನೆಲದಿಂದ ಏಳುವ, ವಿಕಿರಣ ಸೂಸಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ರೇಡಾನ್ ಅನಿಲ ಈ ರಾಜ್ಯದಲ್ಲಿ ಜಾಸ್ತಿ. ಇಲ್ಲಿ ಬೇಸ್‌ಮೆಂಟ್ ಇರುವ ಮನೆಗಳೇ ಹೆಚ್ಚು, ಕೊಳ್ಳುವ ಮೊದಲು ಪರೀಕ್ಷೆ ಮಾಡಿಸಿ. ಬಾಡಿಗೆಯವರಿಗೆ ಒಂದು ಒಳ್ಳೆಯ ಕಾನೂನಿದೆ: ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಇರುವಷ್ಟು ಬಿಸಿಯನ್ನು ಮಾಲೀಕರು ಒದಗಿಸಲೇಬೇಕು.

ಸಂಬಳದ ಮಾತುಕತೆ ಇನ್ನೂ ಮುಗಿದಿಲ್ಲವಾದರೆ ಇದನ್ನೂ ಓದಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಇಲ್ಲಿ ಇದೆ, ಮೇಲಿನ ಹಂತದಲ್ಲಿ ಶೇ. 9.85. ಅಷ್ಟೇ ಸಂಬಳಕ್ಕೆ ಬಂದರೆ ಕೈಗೆ ಬರುವುದು ಕಡಿಮೆ. ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ, ಎಷ್ಟು ಅಂತ ಬಟ್ಟೆ ಕೊಳ್ಳೋದು! ಬಂದ 60 ದಿನದೊಳಗೆ ಲೈಸೆನ್ಸ್ ಮತ್ತು ಕಾರಿನ ನೋಂದಣಿ ಎರಡೂ ಮಿನ್ನೆಸೋಟಾಗೆ ಬದಲಾಗಬೇಕು. ಮನೆಯಲ್ಲಿ ಯಾರಿಗಾದರೂ ಇಂಡಿಯಾ ಲೈಸೆನ್ಸ್ ಮಾತ್ರ ಇದ್ದರೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಕೊಡಬೇಕು. ಹಿಮ ಬೀಳುವ ಮೊದಲೇ ಮುಗಿಸಿಬಿಡಿ.

ಊಟದ ಚಿಂತೆ ಬೇಡ. ಇಂಡಿಯನ್ ಅಂಗಡಿಗಳಿವೆ. ಆದರೆ ತರಕಾರಿಗೆ ನಾನು ಹೋಗುವುದು ಸೇಂಟ್ ಪಾಲ್‌ನ ಹ್ಮಾಂಗ್ ಮಾರುಕಟ್ಟೆಗಳಿಗೆ. ಲಾವೋಸ್ ಕಡೆಯಿಂದ 1975ರ ನಂತರ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನ ಇಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬೇಸಿಗೆ ಕೊನೆಯಲ್ಲಿ ಅವರೇ ಬೆಳೆದ ಹಾಗಲಕಾಯಿ, ಉದ್ದ ಅಲಸಂದೆ, ಖಾರದ ಮೆಣಸಿನಕಾಯಿ ಬರುತ್ತದೆ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರದಿದ್ದರೆ ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಅದರಲ್ಲಿಡಿ.

ಕತ್ತಲೆ ಮಾತ್ರ ನನಗಿನ್ನೂ ಒಗ್ಗಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಸುತ್ತು ನಡೆಯಿರಿ. ತೀರಾ ಚಳಿ ಇದ್ದರೆ ಮಿನಿಯಾಪೊಲಿಸ್ ಪೇಟೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸ್ಕೈವೇಗಳಿವೆ, ಮೈಲಿಗಟ್ಟಲೆ ಒಳಗೊಳಗೇ ನಡೆಯಬಹುದು.

ಅಪ್ಪ-ಅಮ್ಮನನ್ನು ಕರೆಸುವುದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಜೂನ್‌ನಲ್ಲಿ ರಾತ್ರಿ 9ರವರೆಗೂ ಬೆಳಕು. ಲೇಕ್ ಹ್ಯಾರಿಯೆಟ್ ಸುತ್ತ ನಡೆಯುವ ದಾರಿ ಸುಮಾರು ಮೂರು ಮೈಲಿ, ಬೆಂಚುಗಳೂ ಇವೆ. ಆಗಸ್ಟ್ ಕೊನೆಗೆ ಸ್ಟೇಟ್ ಫೇರ್, ನಮ್ಮ ಜಾತ್ರೆಯೇ. ಇಲ್ಲಿಗೆ ಇಂಡಿಯಾದಿಂದ ನೇರ ವಿಮಾನ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್ ಮೇಲೆ ಬಂದರೆ ಒಂದೇ ಸಲ ವಿಮಾನ ಬದಲಿಸಿದರೆ ಸಾಕು. ಕಡಿಮೆ ದುಡ್ಡಿಗೆ ಅಂತ ಅಮೆರಿಕದೊಳಗೆ ಇನ್ನೊಂದು ವಿಮಾನ ಹತ್ತಿಸಬೇಡಿ, ವಯಸ್ಸಾದವರು ಇಮಿಗ್ರೇಶನ್ ಸಾಲಿನಲ್ಲೇ ಸುಸ್ತಾಗಿರುತ್ತಾರೆ. ಟಿಕೆಟ್ ಬುಕ್ ಮಾಡುವಾಗಲೇ ಇಬ್ಬರಿಗೂ ವೀಲ್‌ಚೇರ್ ಕೇಳಿ.