ಬರೀ ‘ವಾಸನೆ’ ಎಂದರೆ ಸಾಲದು, ಯಾವ ವಾಸನೆ ಎಂದು ಕೇಳಬೇಕು

ಯಲ್ಲಾಪುರದಿಂದ ಅಂಕೋಲಾ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಾನು ಟಯರ್ ಮತ್ತು ರಿಪೇರಿ ಅಂಗಡಿ ನಡೆಸಲು ಶುರುಮಾಡಿ 19 ವರ್ಷಗಳಾದವು. ಕರಾವಳಿಯಿಂದ ಅರಬೈಲ್ ಘಟ್ಟ ಹತ್ತಿ ಬರುವ ಗಾಡಿಗಳು ನಿಂತು ಉಸಿರು ಬಿಡುವುದು ನಮ್ಮ ಅಂಗಡಿಯ ಆಸುಪಾಸಿನಲ್ಲಿಯೇ ಆದ್ದರಿಂದ, ಗಾಡಿ ಕಣ್ಣಿಗೆ ಬೀಳುವ ಮುಂಚೆಯೇ ಅದರ ವಾಸನೆ ನಮಗೆ ತಲುಪುತ್ತದೆ. ಮೀನಿನ ಪಿಕಪ್, ಕ್ಲಚ್ ಸುಟ್ಟುಕೊಂಡ ಲಾರಿ, ಮಕ್ಕಳು ವಾಂತಿ ಮಾಡಿಕೊಂಡ ಪ್ರವಾಸದ ಜೀಪು, ಹೀಗೆ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಈ ಕೆಲಸದಲ್ಲಿ ಸ್ಪ್ಯಾನರ್, ಜಾಕ್, ಗೇಜುಗಳಷ್ಟೇ ಮೂಗೂ ಒಂದು ಹತ್ಯಾರ ಎಂಬುದನ್ನು ನಾನು ಕಲಿತದ್ದು ತಡವಾಗಿ, ಅದೂ ಒಂದು ತಪ್ಪಿನ ಮೂಲಕ.

ಒಂದು ಮಳೆಗಾಲದ ಬೆಳಗಿನ ಜಾವ ಹುಬ್ಬಳ್ಳಿಗೆ ಹೊರಟಿದ್ದ ಮೀನಿನ ಪಿಕಪ್ ಒಂದು ಹಿಂದಿನ ಎಡಗಾಲಿ ಪಂಕ್ಚರ್ ಆಗಿ ನಮ್ಮಲ್ಲಿಗೆ ಬಂತು. ಪೆಟ್ಟಿಗೆಗಳಿಂದ ಮಂಜುಗಡ್ಡೆಯ ನೀರು ಸೋರಿ ಚಾಸಿಯ ಮೇಲಿಂದ ಗಾಲಿಯವರೆಗೂ ಹರಿದಿತ್ತು. ಕೆಲಸಕ್ಕಿದ್ದ ಹುಡುಗ ಮೂಗಿಗೆ ಟವೆಲ್ ಬಿಗಿದುಕೊಂಡು, ಗಾಲಿ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ, ಹತ್ತಿಪ್ಪತ್ತು ನಿಮಿಷದಲ್ಲಿ ಗಾಡಿಯನ್ನು ಸಾಗಹಾಕಿದ. ಗಾಲಿಯ ಬ್ರೇಕ್ ಡ್ರಮ್ ಬಿಸಿಯಾಗಿದೆ ಎಂದು ಅವನು ಹೇಳಿದಾಗ, ಘಟ್ಟ ಹತ್ತಿ ಬಂದ ಗಾಡಿಯಲ್ಲವೇ ಎಂದು ಉತ್ತರಿಸಿದವನು ನಾನೇ. ಗಾಡಿ ಸರಿಯಾಗಿ ಎಳೆಯುತ್ತಿಲ್ಲ ಎಂದು ಚಾಲಕ ಅಂದದ್ದನ್ನೂ ನಾನು ಘಟ್ಟದ ಲೆಕ್ಕಕ್ಕೇ ಬರೆದುಬಿಟ್ಟೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಕಿರವತ್ತಿಯ ಹತ್ತಿರದಿಂದ ಫೋನ್ ಬಂತು. ಅದೇ ಗಾಲಿಯಿಂದ ಹೊಗೆ ಏಳುತ್ತಿದೆ, ನೀರು ಸುರಿದು ನಿಲ್ಲಿಸಿದ್ದೇವೆ ಎಂದರು.

ಹೋಗಿ ಬಿಚ್ಚಿ ನೋಡಿದಾಗ ಕಾರಣವೆಲ್ಲ ಒಂದಕ್ಕೊಂದು ಹೆಣೆದುಕೊಂಡಿತ್ತು. ಮೀನಿನ ಉಪ್ಪುನೀರು ವರ್ಷಗಟ್ಟಲೆ ತೊಟ್ಟಿಕ್ಕಿ ಹ್ಯಾಂಡ್ ಬ್ರೇಕಿನ ಕೇಬಲ್ ಒಳಗೇ ತುಕ್ಕು ಹಿಡಿದಿತ್ತು. ಹಾಗಾಗಿ ಹ್ಯಾಂಡ್ ಬ್ರೇಕ್ ಇಳಿಸಿದರೂ ಆ ಗಾಲಿಯನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪಟ್ಟಿ, ಅಂದರೆ ಲೈನರ್, ಡ್ರಮ್ಮಿನಿಂದ ಬಿಡದೆ ಉಜ್ಜುತ್ತಲೇ ಇತ್ತು. ಉಜ್ಜಿದ ಕಾವಿಗೆ ಟ್ಯೂಬಿನ ಹಳೆಯ ಪ್ಯಾಚ್ ಬಿಟ್ಟುಕೊಂಡು ಪಂಕ್ಚರ್ ಆಗಿತ್ತು. ನಾವು ಹಾಕಿದ ಹೊಸ ಪ್ಯಾಚಿನ ಗತಿಯೂ ಅದೇ ಆಯಿತು. ಲೈನರ್ ಸೀಯುತ್ತಿದ್ದ ವಾಸನೆ ನಮ್ಮ ಅಂಗಡಿಯ ಮುಂದೆ ನಿಂತಾಗಲೂ ಖಂಡಿತ ಇದ್ದಿರಬೇಕು. ಮೀನಿನ ನಾತವನ್ನು ತಡೆಯಲು ಕಟ್ಟಿಕೊಂಡ ಟವೆಲ್ ಅದನ್ನೂ ತಡೆಯಿತು. ಆ ಟ್ರಿಪ್ಪಿನ ಮೀನಿನಲ್ಲಿ ಎಷ್ಟು ಹಾಳಾಯಿತೋ ಅದರ ಅರ್ಧ ಹಣವನ್ನು ನಾನು ಕೊಟ್ಟೆ, ಕೊಡಲೇಬೇಕಾಗಿತ್ತು. ಅಂದಿನಿಂದ ಮೀನಿನ ಗಾಡಿ ಬಂದರೆ ಮೊದಲು ಬಕೆಟ್ ನೀರಿನಿಂದ ಗಾಲಿಯ ಹೊರಮೈ ತೊಳೆದು, ಆರಲು ಬಿಟ್ಟು, ಟವೆಲ್ ಇಲ್ಲದೆ ನಾಲ್ಕೂ ಗಾಲಿಗಳ ಹತ್ತಿರ ಬಗ್ಗಿ ಮೂಸುತ್ತೇವೆ. ನೋಡುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಕೆಲವರು ನಗುತ್ತಾರೆ, ಚಹಾ ಕುಡಿಯಲು ನಿಂತವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡದ್ದೂ ಉಂಟು.

2021ರ ಮೇ ತಿಂಗಳಿನಲ್ಲಿ ನನಗೆ ಕೋವಿಡ್ ಬಂದು ಹೋಯಿತು. ಜ್ವರ ಒಂದು ವಾರಕ್ಕೆ ಇಳಿಯಿತು, ಆದರೆ ಮೂಗು ಮಾತ್ರ ಒಂದೂವರೆ ತಿಂಗಳು ಸತ್ತಂತೆ ಇತ್ತು. ಪೆಟ್ರೋಲಿನ ಡಬ್ಬಿಯನ್ನು ಮೂಗಿಗೆ ಹಿಡಿದರೂ ಏನೂ ತಿಳಿಯುತ್ತಿರಲಿಲ್ಲ. ಅಂಗಡಿ ತೆರೆದ ಮೇಲೆ ನಾನು ಹುಡುಗರನ್ನೂ ಗಿರಾಕಿಗಳನ್ನೂ ‘ವಾಸನೆ ಬರುತ್ತಿದೆಯೇ’ ಎಂದು ಕೇಳುತ್ತಿದ್ದೆ. ಅವರು ‘ಹೌದು, ಕೆಟ್ಟ ವಾಸನೆ’ ಎನ್ನುತ್ತಿದ್ದರು, ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಕೆಟ್ಟ ವಾಸನೆ ಎಂಬ ಮಾತಿನಿಂದ ಮೆಕ್ಯಾನಿಕ್‌ಗೆ ಯಾವ ಪ್ರಯೋಜನವೂ ಇಲ್ಲ. ಆಗ ನಾನು ಬೇರೆ ರೀತಿಯಲ್ಲಿ ಕೇಳಲು ಆರಂಭಿಸಿದೆ: ಸೀದ ವಾಸನೆಯೋ, ಘಾಟೋ, ಕಮಟೋ, ಮುಗ್ಗಲೋ, ಹಳಸಿದ್ದೋ, ಕೊಳೆತದ್ದೋ? ನಮ್ಮ ಅಡುಗೆಮನೆ ಮತ್ತು ಕೊಟ್ಟಿಗೆಗಳು ನಮಗೆ ಇಷ್ಟೊಂದು ಶಬ್ದಗಳನ್ನು ಕೊಟ್ಟಿರುವಾಗ ನಾವು ಎಲ್ಲವನ್ನೂ ‘ಬ್ಯಾಡ್ ಸ್ಮೆಲ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತಿದ್ದೆವು. ಹೀಗೆ ಕೇಳತೊಡಗಿದ ಮೇಲೆ ಮೂಗಿಲ್ಲದ ನಾನು ಮೂಗಿದ್ದಾಗಿನದಕ್ಕಿಂತ ಬೇಗ ದೋಷ ಹಿಡಿಯಲು ಶಕ್ತನಾದೆ.

ಸೀದ ವಾಸನೆ ಎಂದರೆ ನಮ್ಮ ಕಡೆ ಹೆಚ್ಚಾಗಿ ಕ್ಲಚ್ ಅಥವಾ ಬ್ರೇಕ್. ಎರಡೂ ಸುಟ್ಟ ಕೂದಲನ್ನು ನೆನಪಿಸುವಂತೆಯೇ ಇರುತ್ತವೆ. ಗಾಡಿಯ ಸುತ್ತ ಒಂದು ಸುತ್ತು ಬಂದಾಗ ಒಂದೇ ಗಾಲಿಯ ಬಳಿ ವಾಸನೆ ದಟ್ಟವಾಗಿದ್ದರೆ ಅದು ಬ್ರೇಕ್. ನಡುವೆ, ಗೇರ್‌ಬಾಕ್ಸಿನ ಕೆಳಗಿನಿಂದ ಮೇಲೇಳುತ್ತಿದ್ದರೆ ಕ್ಲಚ್. ಕಮಟು ಎಂದರೆ ಗೇರ್ ಆಯಿಲ್. ಅದರಲ್ಲಿ ಬೆರೆಸಿರುವ ಗಂಧಕದ ಅಂಶದಿಂದ ಬರುವ ಆ ವಾಸನೆ ಬಟ್ಟೆಗೆ ಅಂಟಿದರೆ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ ಎಂಬುದನ್ನು ಮೆಕ್ಯಾನಿಕ್‌ಗಳ ಮನೆಯವರೆಲ್ಲ ಬಲ್ಲರು. ಮುಗ್ಗಲು ಎಂದರೆ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ, ಇಲ್ಲವೇ ಫಿಲ್ಟರ್ ಒದ್ದೆಯಾಗಿದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಪ್ರತಿದಿನದ ಕಥೆ. ಫಿಲ್ಟರಿನ ಗೂಡಿನಲ್ಲಿ ಇಲಿ ಮರಿಹಾಕಿದ್ದನ್ನು ನಾವು ನೋಡಿದ್ದೇವೆ, ಸತ್ತು ಬಿದ್ದದ್ದನ್ನೂ ನೋಡಿದ್ದೇವೆ, ಅದರ ವಿವರ ಬೇಡ.

ಘಾಟಿನ ಕಥೆಯನ್ನು ಮಾತ್ರ ವಿವರವಾಗಿಯೇ ಹೇಳಬೇಕು. ಹಾವೇರಿ ಕಡೆಯ ಹೊಸ ಲಾರಿಯೊಂದು ಹಿಂದಿನ ಟಯರ್ ಬದಲಿಸಲು ಬಂದಿತ್ತು. ಕೆಳಗಿಳಿದ ಚಾಲಕ ಬಂದ ಕೂಡಲೇ ತನ್ನ ಕ್ಲೀನರ್ ಹುಡುಗನನ್ನು ಬೈಯಲು ತೊಡಗಿದ. ‘ಅಣ್ಣಾರ, ಎಲ್ಲಿ ನಿಲ್ಲಿಸಿದ್ರೂ ಇಂವ ಗಾಲಿಗೇ ಉಚ್ಚಿ ಹೊಯ್ತಾನ್ರಿ, ನಾತ ತಡ್ಕೊಳ್ಳಾಕ ಆಗವಲ್ದು’ ಎಂದ. ಈ ದೂರನ್ನು ನಾವು ತಕ್ಷಣ ನಂಬಿದೆವು. ನಂಬಲು ಕಾರಣವೂ ಇತ್ತು. ಹೆದ್ದಾರಿಯಲ್ಲಿ ಲಾರಿಯ ಗಾಲಿಯ ಮರೆಯಲ್ಲಿ ಮೂತ್ರ ಮಾಡುವವರು ಬಹಳ ಮಂದಿ. ಆ ಗಾಲಿಯನ್ನು ಅಪ್ಪಿ ಹಿಡಿದು ಕೆಳಗಿಳಿಸಬೇಕಾದವರು ನಾವು. ಶೌಚಾಲಯವಿಲ್ಲದ ರಸ್ತೆಯಲ್ಲಿ ಅವರನ್ನು ಎಷ್ಟು ಬೈದರೂ ಪ್ರಯೋಜನವಿಲ್ಲ ಎಂಬುದೂ ನಮಗೆ ಗೊತ್ತು. ಹುಡುಗ ತಲೆತಗ್ಗಿಸಿ, ‘ನಾ ಅಲ್ರಿ, ಮೂರು ದಿನದಿಂದ ಹೇಳಾಕತ್ತೇನಿ’ ಎಂದು ಒಂದೇ ಮಾತು ಆಡಿದ. ನಾವು ಗಾಲಿ ತೊಳೆದೆವು, ಟಯರ್ ಬದಲಿಸಿದೆವು, ವಾಸನೆ ನಿಂತಿತು. ಎಲ್ಲರೂ ಹುಡುಗನ ಕಡೆ ನೋಡಿದರು.

ಲಾರಿ ಚಾಲೂ ಮಾಡಿ ಹತ್ತು ನಿಮಿಷ ನಿಲ್ಲಿಸಿ ಚಾಲಕ ಹಣ ಎಣಿಸುತ್ತಿದ್ದಾಗ, ಕಣ್ಣಲ್ಲಿ ನೀರು ಬರಿಸುವ ಅದೇ ಘಾಟು ಮತ್ತೆ ಎದ್ದಿತು. ಹುಡುಗ ನಮ್ಮ ಎದುರಿನಲ್ಲಿಯೇ ನಿಂತಿದ್ದ. ಆಗ ನಾನು ಸೈಲೆನ್ಸರ್ ಕಡೆ ಬಗ್ಗಿ ನೋಡಿದೆ. ಪೈಪಿನ ಜೋಡಣೆಯೊಂದರಲ್ಲಿ ಕಲ್ಲುಪ್ಪು ಅಂಟಿಸಿಟ್ಟಂತೆ ಬಿಳಿಯ ಹರಳುಗಳು ಬೆಳೆದಿದ್ದವು, ಅದರ ತುದಿಯಿಂದ ಹನಿಯೊಂದು ಬಿಸಿ ತಗಡಿನ ಮೇಲೆ ಬಿದ್ದು ಚುರ್ ಎನ್ನುತ್ತಿತ್ತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಇಂಥ ದೊಡ್ಡ ಡೀಸೆಲ್ ಲಾರಿಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡಲು ಯೂರಿಯಾ ದ್ರಾವಣದ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ಆ ದ್ರಾವಣದಲ್ಲಿ ಶೇ. 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಸೋರಿ ಒಣಗಿದರೆ ಬಿಳಿ ಹರಳಾಗುತ್ತದೆ, ಕಾದ ಲೋಹಕ್ಕೆ ಬಿದ್ದರೆ ಅಮೋನಿಯಾ ಆಗುತ್ತದೆ, ಮತ್ತು ಅಮೋನಿಯಾದ ಘಾಟು ದನದ ಕೊಟ್ಟಿಗೆಯ ಗಂಜಳದ ಘಾಟೇ. ಲಾರಿ ತಣ್ಣಗಿದ್ದಾಗ ವಾಸನೆ ಇಲ್ಲ, ಬಿಸಿಯಾದಾಗ ಇದೆ ಎಂಬ ಒಂದು ಸಂಗತಿಯನ್ನು ಯಾರಾದರೂ ಆ ಹುಡುಗನಿಂದ ಕೇಳಿ ತಿಳಿದಿದ್ದರೆ ಮೂರು ದಿನದ ಬೈಗುಳ ತಪ್ಪುತ್ತಿತ್ತು. ನಾನು ಅವನ ಕ್ಷಮೆ ಕೇಳಿದೆ. ಚಾಲಕ ಕೇಳಲಿಲ್ಲ, ಆದರೆ ಹುಡುಗನಿಗೆ ಮಿರ್ಚಿ ಭಜಿ ಕೊಡಿಸಿ, ಹೊರಡುವಾಗ ಅವನನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ.

ವಾಸನೆ ಬಂದಾಗ ನಮ್ಮ ಕಣ್ಣು ಮೊದಲು ಬಡವನ ಕಡೆಗೆ ತಿರುಗುತ್ತದೆ. ಕ್ಲೀನರ್, ಮೀನು ಮಾರುವ ಹೆಂಗಸು, ಹಿಂದಿನ ಸೀಟಿನ ಮಗು ಇವರ ಕಡೆಗೆ. ಈ ಅಭ್ಯಾಸ ನನ್ನಲ್ಲಿಯೂ ಇತ್ತು, ನಮ್ಮ ಅಂಗಡಿಯಲ್ಲಿ ಅದನ್ನು ಬಿಡಿಸಲು ನಾನು ಇಂದಿಗೂ ಪ್ರಯತ್ನಿಸುತ್ತಿದ್ದೇನೆ. ಮೊಟ್ಟೆ ತಿಂದವರು ಯಾರು ಎಂದು ಗಾಡಿಯೊಳಗೆ ನಗೆಯಾಡುತ್ತ ಬಂದ ಮದುವೆ ದಿಬ್ಬಣದ ಟೆಂಪೋ ಒಂದರಲ್ಲಿ ನಿಜವಾಗಿ ಕುದಿಯುತ್ತಿದ್ದುದು ಬ್ಯಾಟರಿ. ಚಾರ್ಜಿಂಗ್ 14 ವೋಲ್ಟಿನ ಆಸುಪಾಸಿನಲ್ಲಿ ಇರಬೇಕಾದಲ್ಲಿ ಮೀಟರ್ 16 ತೋರಿಸುತ್ತಿತ್ತು, ಬ್ಯಾಟರಿಯ ಪಕ್ಕೆಗಳು ಉಬ್ಬಿದ್ದವು. ಕೊಳೆತ ಮೊಟ್ಟೆಯ ಆ ಅನಿಲ ವಿಷ. ಹೆಚ್ಚಾದರೆ ಅದು ಮೂಗನ್ನೇ ಮರಗಟ್ಟಿಸುವುದರಿಂದ, ವಾಸನೆ ನಿಂತಿತು ಎಂದರೆ ಅಪಾಯ ಹೋಯಿತು ಎಂದು ಅರ್ಥವಲ್ಲ. ಜೊತೆಗೆ ಏಳುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಎಲ್ಲರನ್ನೂ ಇಳಿಸಿ ದೂರ ಕಳುಹಿಸಿ, ಎಂಜಿನ್ ನಿಲ್ಲಿಸಿ, ಗಾಳಿಯಾಡಲು ಬಿಟ್ಟು, ತಣಿದ ಮೇಲಷ್ಟೇ ನಾವು ಟರ್ಮಿನಲ್ ಮುಟ್ಟಿದ್ದು. ಮದುಮಗ ಮಂಟಪಕ್ಕೆ ಇನ್ನೊಬ್ಬರ ಬೈಕಿನಲ್ಲಿ ಹೋದ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ಎಲ್‌ಪಿಜಿ ಕಾರಿನಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಹೆದರಿ ಬಂದ ಕುಟುಂಬವೊಂದಿತ್ತು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿಕೆ ತಿಳಿಯಲೆಂದು ಗಂಧಕದ ಸಂಯುಕ್ತವೊಂದನ್ನು ಅದಕ್ಕೆ ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ ಆ ಅನಿಲ ತಗ್ಗಿನಲ್ಲಿ ತಂಗುತ್ತದೆ. ಕಾರನ್ನು ಬಯಲಿಗೆ ತಳ್ಳಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಕಡೆಗೆ ಡಿಕ್ಕಿಯಲ್ಲಿ ಸಿಲಿಂಡರಿನ ಹಿಂದಿನ ಸಂದಿಯಲ್ಲಿ, ಹುಬ್ಬಳ್ಳಿಯಿಂದ ತಂದ ಈರುಳ್ಳಿಯಲ್ಲಿ ಜಾರಿ ಬಿದ್ದ ನಾಲ್ಕು ಗಡ್ಡೆಗಳು ನೀರಾಗಿ ಕೊಳೆತದ್ದು ಸಿಕ್ಕಿತು. ಈರುಳ್ಳಿಯ ಕೊಳೆತಕ್ಕೂ ಗ್ಯಾಸಿನ ವಾಸನೆಗೂ ಮೂಲ ಗಂಧಕವೇ ಆದ್ದರಿಂದ ಆ ಮನೆಯವರ ಮೂಗು ತಪ್ಪಿರಲಿಲ್ಲ. ಅವರು ನಾಚಿಕೊಂಡರು, ನಾಚುವ ಅಗತ್ಯವಿಲ್ಲ, ಇನ್ನೊಮ್ಮೆ ಇಂಥದೇ ವಾಸನೆ ಬಂದರೂ ಹೀಗೆಯೇ ಬನ್ನಿ ಎಂದು ಹೇಳಿ ಕಳುಹಿಸಿದೆ.

ಟಯರಿನ ಕೆಲಸ ಕಲಿಯುತ್ತಿರುವ ಹುಡುಗರಿಗೆ ಉಪಯೋಗವಾಗುವ ಒಂದು ಮಾತನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಟ್ಯೂಬ್‌ಲೆಸ್ ಟಯರಿಗೆ ಪಂಕ್ಚರ್ ತಡೆಯುವ ದ್ರಾವಣ ತುಂಬಿಸಿದ್ದರೆ, ಅದು ವರ್ಷಗಟ್ಟಲೆ ಒಳಗಿದ್ದು ಹುಳಿತ ಕಳ್ಳಿನಂತೆ ನಾರುತ್ತದೆ. ಗಾಲಿಯನ್ನು ತಿರುಗಿಸಿ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ಮಾಡಿ, ದ್ರಾವಣ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ವಾಲ್ವಿನ ಪಿನ್ ಬಿಚ್ಚಬೇಕು. ವಾಲ್ವ್ ಕೆಳಗಿರುವಾಗ ಬಿಚ್ಚಿದರೆ ಆ ದ್ರಾವಣವೆಲ್ಲ ಗಾಳಿಯ ಒತ್ತಡಕ್ಕೆ ಮುಖಕ್ಕೇ ಚಿಮ್ಮುತ್ತದೆ. ಚೌತಿಯ ಹಿಂದಿನ ದಿನ ಹೊಸ ಅಂಗಿ ತೊಟ್ಟು ಬಂದ ನಮ್ಮ ಹುಡುಗನೊಬ್ಬನಿಗೆ ಹಾಗಾಯಿತು. ಅವನು ಮೂರು ಸಲ ಸ್ನಾನ ಮಾಡಿದರೂ ಮನೆಯವರು ಅವನ ಕೈಯಿಂದ ಗರಿಕೆ ಮುಟ್ಟಿಸಲಿಲ್ಲವಂತೆ.

ನಮ್ಮ ಮೂಗು ದಿನವಿಡೀ ರಬ್ಬರ್ ಸೊಲ್ಯೂಷನ್ ಮತ್ತು ಡೀಸೆಲಿನ ನಡುವೆ ಇದ್ದು ಮಂಕಾಗುತ್ತದೆ. ಸೊಲ್ಯೂಷನ್ ಹಚ್ಚುವ ಕೆಲಸವನ್ನು ನಾವು ಈಗ ಒಳಗೆ ಮಾಡುವುದೇ ಇಲ್ಲ, ಮಾಡಿನ ಕೆಳಗೆ ಗಾಳಿ ಬೀಸುವಲ್ಲಿ ಮಾಡುತ್ತೇವೆ. ಅನುಮಾನ ಬಂದಾಗ ಪಕ್ಕದ ಚಹಾ ಅಂಗಡಿಯ ಅಕ್ಕನನ್ನು ಕರೆಯುತ್ತೇನೆ. ಏಲಕ್ಕಿ, ಶುಂಠಿಗಳ ನಡುವಿನಿಂದ ಬರುವ ಆಕೆಯ ಮೂಗು ನಮ್ಮದಕ್ಕಿಂತ ಚುರುಕು. ಗಾಡಿಯ ವಿವರ ಬರೆಯುವ ಚೀಟಿಯಲ್ಲಿ ‘ವಾಸನೆ’ ಎಂಬ ಒಂದು ಸಾಲನ್ನು ಸೇರಿಸಿ, ಗಿರಾಕಿ ಹೇಳಿದ ಶಬ್ದವನ್ನು ತಿದ್ದದೆ ಹಾಗೆಯೇ ಬರೆಯಬೇಕೆಂದು ಹುಡುಗರಿಗೆ ಹೇಳಿದ್ದೇನೆ.

ಕಳೆದ ಚಳಿಗಾಲದಲ್ಲಿ ಶಿರಸಿ ಕಡೆಯಿಂದ ಒಂದು ಕಾರು ಬಂತು. ಒಳಗೆಲ್ಲ ಸಿಹಿ ವಾಸನೆ, ಆಲೆಮನೆಯಿಂದ ತಂದ ಜೋನಿ ಬೆಲ್ಲದ ಡಬ್ಬಿ ಸೋರಿರಬೇಕು, ಕಾರ್ಪೆಟ್ ತೊಳೆದು ಕೊಡಿ ಎಂದು ಮಗ ಹೇಳಿದರು. ಹಿಂದೆ ಕುಳಿತಿದ್ದ ಅಜ್ಜಿ ಒಪ್ಪಲಿಲ್ಲ. ‘ತಮ್ಮಾ, ಬೆಲ್ಲ ಕಾಯಿಸಿಯೇ ಬೆಳೆದವಳು ನಾನು, ಇದರಲ್ಲಿ ಕಬ್ಬಿನ ವಾಸನೆ ಇಲ್ಲ’ ಎಂದರು. ಹುಡುಗ ಚೀಟಿಯಲ್ಲಿ ‘ಸಿಹಿ, ಕಬ್ಬು ಇಲ್ಲ’ ಎಂದು ಬರೆದ. ಮುಂದಿನ ಎಡ ಸೀಟಿನ ಕಾಲ ಬಳಿ ಕಾರ್ಪೆಟ್ ಎತ್ತಿದಾಗ ಅಡಿಯೆಲ್ಲ ಜಿಗುಟಾಗಿ ಒದ್ದೆಯಾಗಿತ್ತು, ಮುಂದಿನ ಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಮಬ್ಬು ಕಟ್ಟಿತ್ತು, ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟಿನ ಡಬ್ಬಿಯಲ್ಲಿ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿತ್ತು. ಆ ದ್ರವ ಹರಿಯುವ ಹೀಟರ್ ಒಡೆದು ಕೂಲಂಟ್ ಒಳಕ್ಕೆ ಸೋರುತ್ತಿತ್ತು. ಸಿಹಿಯಾದರೂ ಅದು ವಿಷ, ಮತ್ತು ಅದೇ ಕಾರ್ಪೆಟ್ ಮೇಲೆ ಕುಳಿತು ಅವರ ಮೊಮ್ಮಗು ಬೆರಳು ಚೀಪುತ್ತ ಆಡುತ್ತಿತ್ತು. ಮಗುವಿನ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆಸಿದೆವು. ಡಿಕ್ಕಿ ತೆಗೆದು ನೋಡಿದರೆ ಜೋನಿ ಬೆಲ್ಲದ ಡಬ್ಬಿಯ ಮುಚ್ಚಳ ಭದ್ರವಾಗಿಯೇ ಇತ್ತು; ಹೋಗುವಾಗ ಅಜ್ಜಿ ಅದರಲ್ಲಿ ಅರ್ಧವನ್ನು ನಮ್ಮ ಹುಡುಗರಿಗೆ ಸುರಿದುಕೊಟ್ಟು ಹೋದರು.