ಯಾವ ಪುಸ್ತಕದಿಂದ ಶುರು ಮಾಡಲಿ?

"ಮೇಡಂ, ಒಂದು ಚಲೋ ಪುಸ್ತಕ ಹೇಳ್ರಿ. ಓದಬೇಕಂತ ಮಾಡೀನಿ."

ನಾನು ಪುಸ್ತಕ ಓದುತ್ತೇನೆ ಅಂತ ಗೊತ್ತಿರುವವರು ಕಲಬುರಗಿಯಲ್ಲಿ ಎಲ್ಲಿ ಸಿಕ್ಕರೂ ಈ ಮಾತು ಬಂದೇ ಬರುತ್ತದೆ. ಕಾಲೇಜಿನ ಹುಡುಗ ಹುಡುಗಿಯರು ಕೇಳುತ್ತಾರೆ. ಪಕ್ಕದ ಮನೆಯ ಅಕ್ಕ ಕೇಳುತ್ತಾರೆ. ಅಪ್ಪನ ಕೆರೆಯ ಹತ್ತಿರ ವಾಕಿಂಗ್‌ಗೆ ಬರುವ, ನೌಕರಿಯಿಂದ ನಿವೃತ್ತರಾದ ಕಾಕಾ ಕೇಳುತ್ತಾರೆ. ಎಲ್ಲರಿಗೂ ಒಂದೇ ಒಂದು ಹೆಸರು ಬೇಕು, ಅದೂ ನಿಂತಲ್ಲೇ.

ಎಲ್ಲರಿಗೂ ಒಂದೇ ಪುಸ್ತಕ ಹೇಳಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಮೊದಲು ನಾನೇ ಕೇಳುತ್ತೇನೆ: ಈಚೆಗೆ ನೀವು ಕೂತು ಪೂರ್ತಿ ಓದಿದ್ದು ಏನು? ಕೆಲವರು ಪೇಪರ್ ಅನ್ನುತ್ತಾರೆ. ಕೆಲವರು ಸಾಲಿ ಬಿಟ್ಟ ಮೇಲೆ ಏನೂ ಓದಿಲ್ಲ ಅನ್ನುತ್ತಾರೆ. ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆ ಉತ್ತರ ಸಿಕ್ಕರೆ ನನ್ನ ಕೆಲಸ ಅರ್ಧ ಮುಗಿಯಿತು.

ಓದಿದ ಪ್ರತಿ ಪುಸ್ತಕದ ಬಗ್ಗೆ ನಾಲ್ಕಾರು ಸಾಲು ಬರೆದಿಡುವ ರೂಢಿ ನನಗಿದೆ. ಕತೆ ಬರೆಯುವುದಿಲ್ಲ, ಅದು ಬೆನ್ನುಪುಟದಲ್ಲೇ ಇರುತ್ತದೆ. ಓದು ಎಲ್ಲಿ ಜಗ್ಗುತ್ತದೆ, ಯಾರ ಕೈಗೆ ಕೊಟ್ಟರೆ ಆ ಪುಸ್ತಕಕ್ಕೆ ಜೀವ ಬರುತ್ತದೆ, ಇಷ್ಟೇ ಬರೆಯುವುದು. ಆ ಸಾಲುಗಳನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹೇಳುತ್ತೇನೆ.

ಇದುವರೆಗೆ ಒಂದೂ ಕಾದಂಬರಿ ಮುಗಿಸಿಲ್ಲ ಅನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ'. 1980ರ ಪುಸ್ತಕ. ತೆಳ್ಳಗಿದೆ, ಎಲ್ಲೂ ಜಗ್ಗುವುದಿಲ್ಲ. ಜೇನು ಸೊಸೈಟಿಯಲ್ಲಿ ಸಿಗುವ ಮಂದಣ್ಣ, ವಿಜ್ಞಾನಿ ಕರ್ವಾಲೋ, ಬಿರ್ಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಮಲೆನಾಡಿನ ಕಾಡಿನಲ್ಲಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೂಲರ್ ಮುಂದೆ ಕೂತು ಓದಿದರೆ ಕಾಡು ಇನ್ನೂ ಹತ್ತಿರ ಬರುತ್ತದೆ. ಇದನ್ನು ಕೊಟ್ಟ ಹುಡುಗರಲ್ಲಿ ಹೆಚ್ಚಿನವರು ಮರುವಾರವೇ ಬಂದು "ಇವರದ್ದೇ ಇನ್ನೊಂದು ಕೊಡ್ರಿ" ಅಂದಿದ್ದಾರೆ.

ಕತೆ ಗಿತೆ ಬೇಡ, ವಿಷಯ ಇರಬೇಕು ಅನ್ನುವವರಿಗೆ ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'. ಸ್ವಾಮಿಯವರು ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಪೇರಲ ಇವೆಲ್ಲ ಎಲ್ಲಿಂದ ಹೊರಟು ನಮ್ಮ ತಾಟಿಗೆ ಬಂದವು ಅಂತ ಹೇಳುತ್ತಾರೆ. ಇಲ್ಲಿಯ ಊಟ ಗೊತ್ತಲ್ಲ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಹಿಂಡಿಯ ಶೇಂಗಾವೂ ಹೊರಗಿನದು, ಖಾರವೂ ಹೊರಗಿನದು. ನಮ್ಮ ಹೊಲದ ತೊಗರಿ ಮಾತ್ರ ಹುಟ್ಟಿನಿಂದಲೂ ಈ ದೇಶದ್ದು. ಒಂದು ಅಧ್ಯಾಯ ಓದಿ ಊಟಕ್ಕೆ ಕೂತು ನೋಡಿ, ಮನೆಯವರಿಗೆಲ್ಲ ಹೇಳದೆ ಇರಲು ಆಗುವುದಿಲ್ಲ.

ಇನ್ನು ನನಗೆ ತುಂಬಾ ಹತ್ತಿರದ ಪುಸ್ತಕಕ್ಕೆ ಬರುತ್ತೇನೆ. ಸ್ವಲ್ಪ ಓದಿ ರೂಢಿಯಿದ್ದು, ಈ ಕಡೆಯೇ ಹುಟ್ಟಿ ಬೆಳೆದವರು ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಗೀತಾ ನಾಗಭೂಷಣ ಅವರ 'ಬದುಕು' ಅನ್ನುತ್ತೇನೆ. ದೊಡ್ಡ ಕಾದಂಬರಿ. ಇದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೀತಕ್ಕ ಇಲ್ಲಿಯವರೇ, ಗಿರಣಿ ಕೆಲಸಗಾರನ ಮಗಳು. 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2020ರಲ್ಲಿ ತೀರಿಕೊಂಡರು. ಬಡವರ, ಕೆಳಗಿನ ಜಾತಿಗಳವರ, ಅದರಲ್ಲೂ ಹೆಂಗಸರ ಬದುಕನ್ನು ಅವರು ಕಲಬುರಗಿಯ ಆಡುಮಾತಿನಲ್ಲೇ ಬರೆದರು. ಆ ಮಾತನ್ನು ತೊಳೆದು ಒರೆಸಿ ಚಂದ ಮಾಡಲು ಹೋಗಲಿಲ್ಲ.

ಈ ಪುಸ್ತಕದ ಕೆಲವು ಪುಟಗಳನ್ನು ನಾನು ನಮ್ಮ ಸೋದರತ್ತೆಗೆ ಓದಿ ಹೇಳಿದ್ದೆ. ಅವರಿಗೆ ಅಕ್ಷರ ಬರುವುದಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹೆಂಗಸರ ಜಗಳ ಬಂತು, ಒಂದು ಬೈಗುಳ ಬಂತು. ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ನನ್ನ ಕಡೆ ನೋಡಿ, "ಇದು ಬುಕ್ಕಿನಾಗ ಬರ್ದಾರೇನು? ಖರೇನಾ?" ಅಂದರು. ಬರೆದಿದ್ದನ್ನು ಬೆರಳಿಟ್ಟು ತೋರಿಸಿದೆ. ಅವರು ಪುಟಕ್ಕೆ ಕೈ ತಾಗದ ಹಾಗೆ ಬಗ್ಗಿ ನೋಡಿದರು. "ಹಂಗಾದ್ರ ಓದು ಮುಂದ" ಅಂದರು. ಹಂಚಿನ ಮೇಲಿದ್ದ ರೊಟ್ಟಿ ಸೀದಿತ್ತು, ಅದರ ಕಡೆ ಗಮನವೇ ಇರಲಿಲ್ಲ.

ಪುಸ್ತಕದ ಕನ್ನಡ ಅಂದರೆ ಬೇರೆ ಊರಿನವರ ಕನ್ನಡ ಅಂತ ನಮ್ಮಲ್ಲಿ ಎಷ್ಟೋ ಜನ ನಂಬಿಕೊಂಡಿದ್ದಾರೆ. ಸಾಲಿಯಲ್ಲಿ "ಬರ್ತೀನ್ರಿ, ಹೋಗ್ತೀನ್ರಿ" ಅಂದರೆ ತಿದ್ದಿಸಿಕೊಂಡವರು ನಾವು. ತನ್ನ ಮಾತು ಅಚ್ಚಾಗಿದ್ದನ್ನು ನೋಡಿದ ಮೇಲೆ ಓದುವ ಧೈರ್ಯವೇ ಬೇರೆಯಾಗುತ್ತದೆ. ನಾನು ಇದನ್ನು ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಈ ಮಾತು ಬಂದಾಗೆಲ್ಲ ನನಗೆ 'ಕವಿರಾಜಮಾರ್ಗ' ನೆನಪಾಗುತ್ತದೆ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಇದೇ ಮೊದಲನೆಯದು, 9ನೇ ಶತಮಾನದ್ದು. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಬರೆದವನು ಶ್ರೀವಿಜಯ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ಇಂದಿನ ಮಳಖೇಡ, ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೋದರೆ ಕಾಗಿಣಾ ನದಿಯ ದಂಡೆಗೆ ಸಿಗುವ ಊರು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅನ್ನುವ ಸಾಲು ಎಲ್ಲರಿಗೂ ಗೊತ್ತು. ಅದರ ಆಸುಪಾಸಿನಲ್ಲೇ ಕನ್ನಡದ ತಿರುಳು ಎಲ್ಲಿದೆ ಅಂತಲೂ ಹೇಳಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ದೊರೆ ಕೂತಿದ್ದ ಮಾನ್ಯಖೇಟದ ಹೆಸರು ಆ ಪಟ್ಟಿಯಲ್ಲಿ ಇಲ್ಲ! ಆದರೆ ಅದೇ ಪುಸ್ತಕ ಇನ್ನೊಂದು ಮಾತೂ ಹೇಳುತ್ತದೆ. ಪ್ರದೇಶ ಪ್ರದೇಶಕ್ಕೆ ಕನ್ನಡ ಎಷ್ಟು ಬೇರೆ ಬೇರೆ ಅಂದರೆ, ಅದರ ತಪ್ಪು ಒಪ್ಪು ತಿಳಿಯಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಅಂತ. 1100 ವರ್ಷಗಳ ಹಿಂದೆ ನಮ್ಮ ಪಕ್ಕದ ಊರಲ್ಲಿ ಕೂತು ಇದನ್ನು ಬರೆದಿದ್ದಾರೆ ಅನ್ನುವುದು ನನಗೆ ಈಗಲೂ ರೋಮಾಂಚನ.

ಓದುವುದು ಹೇಗೆ? ಪೂರ್ತಿ ಓದಲು ಹೋಗಬೇಡಿ. ಮೂರು ಪರಿಚ್ಛೇದಗಳಲ್ಲಿ ಬಹುಪಾಲು ಅಲಂಕಾರ, ಗುಣ, ದೋಷದ ವಿಚಾರ, ಅದು ಪರೀಕ್ಷೆಗೆ ಓದುವವರಿಗೆ. ಹೊಸಗನ್ನಡ ಗದ್ಯಾನುವಾದ ಇರುವ ಪ್ರತಿ ತೆಗೆದುಕೊಂಡು ಮೊದಲ ಪರಿಚ್ಛೇದದಲ್ಲಿ ನಾಡು ನುಡಿಯ ಬಗ್ಗೆ ಇರುವ ಪದ್ಯಗಳನ್ನು ಓದಿ. ಆಮೇಲೆ ಒಂದು ಭಾನುವಾರ ಮಳಖೇಡಕ್ಕೆ ಹೋಗಿ ಬನ್ನಿ.

'ಬದುಕು' ಮೆಚ್ಚಿದವರಿಗೆ ಮುಂದಿನದು ದೇವನೂರ ಮಹಾದೇವ ಅವರ 'ಕುಸುಮಬಾಲೆ'. ಇದೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದೇ, 1990ರಲ್ಲಿ. ನಂಜನಗೂಡಿನ ಕಡೆಯ ಮಾತು. ನಮ್ಮವರಿಗೆ ಮೊದಲ ಪುಟಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಮೈಸೂರಿನವರಿಗೆ ಗೀತಕ್ಕನ ಭಾಷೆ ಹೇಗೋ, ನಮಗೆ ಇದು ಹಾಗೆ. ಕಣ್ಣಲ್ಲಿ ಓದಿದರೆ ಅರ್ಥವಾಗದ ಸಾಲು ಬಾಯಿ ಬಿಟ್ಟು ಓದಿದರೆ ತಿಳಿಯುತ್ತದೆ. ರಾತ್ರಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ಒಂದು ಕಡೆ ಸೇರಿ ಮಾತಾಡುವ ಭಾಗವನ್ನು ತರಗತಿಯಲ್ಲಿ ಜೋರಾಗಿ ಓದಿಸಿದ್ದೇನೆ. ಹಿಂದಿನ ಬೆಂಚೂ ಸುಮ್ಮನಾಗಿ ಕೇಳಿತು. ಆದರೆ ಇದನ್ನು ಮೊದಲ ಪುಸ್ತಕವಾಗಿ ಯಾರಿಗೂ ಕೊಡಬೇಡಿ.

"ಬೂಕರ್ ಬಂತಲ್ರಿ, ಅದನ್ನ ಓದಬೇಕೇನು?" ಅಂತ ಈಗ ಜಾಸ್ತಿ ಕೇಳುತ್ತಾರೆ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಓದಲೇಬೇಕು, ಆದರೆ ಕನ್ನಡ ಬರುವವರು ಕನ್ನಡದಲ್ಲೇ ಓದಿ. 'ಹಸೀನಾ ಮತ್ತು ಇತರ ಕತೆಗಳು' ಅನ್ನುವ ಸಂಕಲನ ಇದೆ. ಮೊದಲು 'ಕರಿ ನಾಗರಗಳು' ಓದಿ. ಗಂಡ ಬಿಟ್ಟ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೆ ಹೋಗಿ ನ್ಯಾಯ ಕೇಳುವ ಕತೆ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಇದರ ಮೇಲೆಯೇ. ಹಾಸನದ ಕಡೆಯ ಬರಹಗಾರ್ತಿ, ಆದರೆ ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ ಆಡುವ ನನ್ನ ವಿದ್ಯಾರ್ಥಿನಿಯರು ಈ ಕತೆಗಳನ್ನು ಓದಿ ತಮ್ಮ ಓಣಿಯ ಕತೆ ಹೇಳಲು ಶುರು ಮಾಡುತ್ತಾರೆ. ಒಂದೇ ಸಲಕ್ಕೆ ಎಲ್ಲ ಓದಬೇಡಿ. ದಿನಕ್ಕೊಂದು ಕತೆ ಸಾಕು, ಮನಸ್ಸು ಭಾರವಾಗುತ್ತದೆ.

ವಾಕಿಂಗ್ ಕಾಕಾ ಕೇಳಿದ್ದು ಇತಿಹಾಸ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್' ಹೇಳಿದೆ. ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಅನ್ನುತ್ತಿದ್ದ. ಅದೇ ವೆಂಕಟಪ್ಪ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು ಸೆರೆಸಿಕ್ಕ, ಚೆಂಗಲ್‌ಪೇಟೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಸತ್ತ. ಟೇಲರ್ ಅವನನ್ನು ಸೆರೆಮನೆಯಲ್ಲಿ ನೋಡಲು ಹೋಗುವ ಪುಟಗಳನ್ನು ಓದುವಾಗ ಎದೆ ಹಿಂಡಿದಂತಾಗುತ್ತದೆ. ಆದರೂ ಎಚ್ಚರದಿಂದ ಓದಬೇಕು. ಬರೆದವನು ಆಳುವವರ ಕಡೆಯವನು, ಸುರಪುರದವರು ಹೇಳುವ ವೆಂಕಟಪ್ಪನ ಕತೆ ಬೇರೆಯೇ ಇದೆ. ಎರಡನ್ನೂ ಕೇಳಿ. 1877ರ ಪುಸ್ತಕವಾದ್ದರಿಂದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸುರಪುರದ ಅಧ್ಯಾಯಗಳನ್ನಷ್ಟೇ ಓದಿದರೂ ನಡೆಯುತ್ತದೆ.

ದಿನಕ್ಕೆ ಐದೇ ನಿಮಿಷ ಇದೆ ಅನ್ನುವವರಿಗೆ ವಚನ. ಮುದನೂರಿನ ಜೇಡರ ದಾಸಿಮಯ್ಯನಿಂದ ಶುರು ಮಾಡಿ, ಮಾತು ಸಣ್ಣದು, ಪೆಟ್ಟು ಜೋರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಲಿಗಳು ಬರುವ ಭಾಗ ಬಂದರೆ ಮಕ್ಕಳು ಬಿಡುವುದಿಲ್ಲ, ಮತ್ತೆ ಮತ್ತೆ ಓದಿಸುತ್ತಾರೆ.

"ನಮ್ಮ ಕಡೆ ಓದುವವರು ಎಲ್ಲಿದ್ದಾರ್ರೀ" ಅಂತ ಕೆಲವರು ಹೇಳುವಾಗ ನನಗೆ ಸಿಟ್ಟು ಬರುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಸಂಸ್ಥಾನದಲ್ಲಿತ್ತು. ಸಾಲಿ, ಕಚೇರಿ ಎಲ್ಲ ಉರ್ದುವಿನಲ್ಲಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಕನ್ನಡವನ್ನು ತಾವಾಗಿಯೇ ಕಲಿತರು. ಮನೆಯಲ್ಲಿ ಕನ್ನಡ ಪುಸ್ತಕದ ಕಪಾಟು ಇಲ್ಲದಿರುವುದಕ್ಕೆ ಅದು ಕಾರಣ, ಆಸಕ್ತಿ ಇಲ್ಲದ್ದು ಅಲ್ಲ. ಆ ಕಾಲದಲ್ಲೂ, 1928ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಆಮೇಲೆ 1949, 1987, 2020. ಕೊನೆಯದರಲ್ಲಿ ಪುಸ್ತಕ ಮಳಿಗೆಗಳ ಮುಂದೆ ಕಾಲಿಡಲು ಜಾಗ ಇರಲಿಲ್ಲ, ನಾನೇ ಆ ನೂಕುನುಗ್ಗಲಲ್ಲಿದ್ದೆ.

ನನ್ನ ತಕರಾರು ಬೇರೆ. ಇಲ್ಲಿನ ಒಂದು ಅಂಗಡಿಯಲ್ಲಿ 'ಬದುಕು' ಕೇಳಿದರೆ ತರಿಸಬೇಕು ಅಂದರು. ಕಲಬುರಗಿಯ ಕಾದಂಬರಿ ಕಲಬುರಗಿಯಲ್ಲಿ ಮುಂದಿನ ಸಾಲಿನಲ್ಲಿ ಇರಬೇಕಲ್ವಾ? ಕೇಳುವವರು ಹೆಚ್ಚಾದರೆ ತಂದಿಡುತ್ತಾರೆ. ಅದಕ್ಕೇ ಸಿಗಲಿಲ್ಲ ಅಂತ ಸುಮ್ನೆ ವಾಪಸ್ ಬರಬೇಡಿ, ಹೆಸರು ಬರೆದು ಕೊಟ್ಟು ಬನ್ನಿ. ಜಿಲ್ಲಾ ಗ್ರಂಥಾಲಯದಲ್ಲೂ ಮೊದಲು ವಿಚಾರಿಸಿ. ಕೊಳ್ಳುವವರು ನವೆಂಬರ್‌ವರೆಗೆ ಕಾಯಬಹುದು, ರಾಜ್ಯೋತ್ಸವದ ಹೊತ್ತಿಗೆ ಕನ್ನಡ ಪುಸ್ತಕ ಪ್ರಾಧಿಕಾರದಂಥವರು ರಿಯಾಯಿತಿ ಕೊಡುತ್ತಾರೆ. ತಂದ ಪುಸ್ತಕ ಮೂವತ್ತು ನಲವತ್ತು ಪುಟವಾದರೂ ಹಿಡಿಸಲಿಲ್ಲ ಅಂದರೆ ಬಿಟ್ಟುಬಿಡಿ, ಮತ್ತೆ ನನ್ನನ್ನು ಕೇಳಿ. ಬೇರೆಯದು ಹೇಳುತ್ತೇನೆ.